ರಾತ್ರಿ ಪಾಳಿ ಮಾಡುವವರಿಗೆ: ಮೈಯೊಳಗಿನ ಗಡಿಯಾರ ಹೊತ್ತು ತಪ್ಪದಂತೆ ನೋಡಿಕೊಳ್ಳುವುದು ಹೇಗೆ

ಬೆಳಿಗ್ಗೆ ಏಳಕ್ಕೆ ತೋರಣಗಲ್ಲು ಕಡೆಯಿಂದ ಬರುವ ಕಾರ್ಖಾನೆ ಬಸ್ಸು ನಮ್ಮ ಓಣಿಯ ತುದಿಗೆ ನಿಲ್ಲುತ್ತದೆ. ಅಣ್ಣ ಇಳಿಯುತ್ತಾನೆ. ಬಳ್ಳಾರಿಯ ಬೇಸಿಗೆಯಲ್ಲಿ ಏಳು ಗಂಟೆ ಅಂದರೆ ಆಗಲೇ ಬಿಸಿಲು ಕಣ್ಣು ಕುಕ್ಕುತ್ತಿರುತ್ತದೆ. ಅಂಗಡಿ ಮುಂದೆ ನಿಂತು ಒಂದು ಪ್ಲೇಟು ಒಗ್ಗರಣೆ, ಎರಡು ಮಿರ್ಚಿ, ಮೇಲೆ ಒಂದು ಗಟ್ಟಿ ಚಹಾ. ಮನೆಗೆ ಬಂದು ಫೋನ್ ನೋಡುತ್ತಾ ನೋಡುತ್ತಾ ಒಂಬತ್ತಕ್ಕೆ ಮಲಗುವುದು, ಹನ್ನೆರಡಕ್ಕೆ ಸೆಕೆಗೆ ಎದ್ದು ಕೂರುವುದು. ಹನ್ನೊಂದು ವರ್ಷ ಹೀಗೇ ನಡೆಯಿತು.

ಒಂದು ದಿನ ಅವನೇ ಕೇಳಿದ: “ತಂಗಿ, ನೀ ಕಾಲೇಜಿನ್ಯಾಗ ಬಯಾಲಜಿ ಹೇಳ್ತಿ. ರಾತ್ರಿ ಡ್ಯೂಟಿ ಮಾಡಿದ್ರ ಕ್ಯಾನ್ಸರ್ ಬರ್ತೈತಿ ಅಂತ ನಮ್ಮ ಹುಡುಗ್ರು ಮಾತಾಡ್ತಾರ. ಖರೇನಾ?”

ಹೌದು ಅಂದರೆ ಅವನು ಹೆದರುತ್ತಾನೆ. ಇಲ್ಲ ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಅದಕ್ಕೇ ಅವತ್ತು ಸಂಜೆ ಕೂತು ಮೊದಲಿಂದ ಹೇಳಿದೆ. ಆಮೇಲೆ ಇಬ್ಬರೂ ಸೇರಿ ಅವನ ದಿನಚರಿಯನ್ನು ಒಂದೊಂದಾಗಿ ಬದಲಿಸಿದೆವು. ಅದನ್ನೇ ಅದೇ ಸಾಲಿನಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಉಕ್ಕಿನ ಕಾರ್ಖಾನೆಯವರಿಗೆ ಮಾತ್ರ ಅಲ್ಲ. ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರದವರು, ಹಟ್ಟಿ ಚಿನ್ನದ ಗಣಿಯವರು, ಗಂಗಾವತಿಯ ರೈಸ್ ಮಿಲ್ಲಿನವರು, ರಾಯಚೂರಿನ ಜಿನ್ನಿಂಗ್ ಮಿಲ್ಲಿನವರು, ಎಲ್ಲಾ ಆಸ್ಪತ್ರೆಗಳ ನರ್ಸ್ ಅಕ್ಕಂದಿರು, ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತದೆ ಅಂತ ಹೊಲದಲ್ಲಿ ಮೋಟಾರ್ ಕಾಯುವ ರೈತರು, ಎಲ್ಲರಿಗೂ ಇದು ಬೇಕು.

ಹೆಜ್ಜೆ 1: ಗಡಿಯಾರ ಎಲ್ಲಿದೆ, ಹೇಗೆ ಓಡುತ್ತದೆ ಅಂತ ತಿಳಿದುಕೊಳ್ಳಿ

ಎರಡೂ ಕಣ್ಣಿನ ನರಗಳು ಮೆದುಳಿನ ಅಡಿಯಲ್ಲಿ ಒಂದನ್ನೊಂದು ದಾಟುವ ಜಾಗವಿದೆ. ಅದರ ಮೇಲೆಯೇ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಅಕ್ಕಿ ಕಾಳಿಗಿಂತ ದೊಡ್ಡದಲ್ಲ. ಇದು ದೊಡ್ಡ ಗಡಿಯಾರ. ಆದರೆ ಇದೊಂದೇ ಅಲ್ಲ. ಲಿವರ್, ಚರ್ಮ, ಕರುಳು, ಹೃದಯ ಹೀಗೆ ಮೈಯ ಹೆಚ್ಚು ಕಡಿಮೆ ಪ್ರತಿ ಜೀವಕೋಶದೊಳಗೂ ಒಂದೊಂದು ಸಣ್ಣ ಗಡಿಯಾರ ಓಡುತ್ತಿರುತ್ತದೆ.

ಈ ಗಡಿಯಾರಕ್ಕೆ ಮುಳ್ಳಿಲ್ಲ, ಚಕ್ರವಿಲ್ಲ. ಇರುವುದು ನಾಲ್ಕು ಬಗೆಯ ಜೀನ್‌ಗಳ ಆಟ. ಕ್ಲಾಕ್ ಮತ್ತು ಬಿಮ್ಯಾಲ್-1 ಅನ್ನುವ ಎರಡು ಪ್ರೋಟೀನುಗಳು ಜೋಡಿಯಾಗಿ ಕೂತು, ಪರ್ ಮತ್ತು ಕ್ರೈ ಅನ್ನುವ ಬೇರೆ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಪರ್, ಕ್ರೈ ಪ್ರೋಟೀನುಗಳು ಗಂಟೆಗಟ್ಟಲೆ ನಿಧಾನವಾಗಿ ತುಂಬಿಕೊಳ್ಳುತ್ತವೆ. ಸಾಕಷ್ಟಾದ ಮೇಲೆ ಕೋಶಕೇಂದ್ರಕ್ಕೆ ವಾಪಸ್ ಬಂದು, ತಮ್ಮನ್ನು ಹುಟ್ಟಿಸಿದ ಆ ಜೋಡಿಯನ್ನೇ ತಡೆಯುತ್ತವೆ. ಆಗ ಹೊಸ ಪರ್, ಕ್ರೈ ಆಗುವುದಿಲ್ಲ. ಇದ್ದವು ಕರಗುತ್ತವೆ. ತಡೆ ಹೋಗುತ್ತದೆ, ಜೋಡಿ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಈ ಒಂದು ಸುತ್ತಿಗೆ ಸುಮಾರು 24 ಗಂಟೆ.

ಇದು ಮೊದಲು ಗೊತ್ತಾಗಿದ್ದು ಬಾಳೆಹಣ್ಣಿನ ಸುತ್ತ ಹಾರುತ್ತಲ್ಲ, ಆ ಸಣ್ಣ ನೊಣದಿಂದ. 1971ರಲ್ಲಿ ಅಮೆರಿಕದ ರೊನಾಲ್ಡ್ ಕೊನೊಪ್ಕ ಮತ್ತು ಸೆಮೋರ್ ಬೆಂಜರ್ ಮೂರು ತರಹದ ನೊಣ ಗುರುತಿಸಿದರು. ಒಂದರ ದಿನ 19 ಗಂಟೆ. ಇನ್ನೊಂದರದ್ದು 28 ಗಂಟೆ. ಮೂರನೆಯದಕ್ಕೆ ಹೊತ್ತುಗೊತ್ತೇ ಇಲ್ಲ. ಮೂರರಲ್ಲೂ ಕೆಟ್ಟಿದ್ದು ಒಂದೇ ಜೀನ್. ಅದೇ ಪರ್, ಪೂರ್ತಿ ಹೆಸರು ಪೀರಿಯಡ್. 1984ರಲ್ಲಿ ಆ ಜೀನನ್ನು ಬೇರ್ಪಡಿಸಿ, ಮುಂದೆ ಅದರ ಕೆಲಸವನ್ನು ಬಿಡಿಸಿಟ್ಟ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು.

ನಮ್ಮ ಕೆಲಸಕ್ಕೆ ಬೇಕಾದ ಮಾತು ಇದು: ಮೆದುಳಿನ ದೊಡ್ಡ ಗಡಿಯಾರ ಹೊತ್ತು ಸರಿಮಾಡಿಕೊಳ್ಳುವುದು ಮುಖ್ಯವಾಗಿ ಬೆಳಕು ನೋಡಿ. ಲಿವರಿನಂಥ ಅಂಗಗಳ ಗಡಿಯಾರ ಊಟದ ಹೊತ್ತನ್ನೂ ನೋಡುತ್ತದೆ. ರಾತ್ರಿ ಎರಡಕ್ಕೆ ಹೊಟ್ಟೆ ತುಂಬಾ ಉಂಡರೆ ಲಿವರ್ ‘ಹಗಲಾಯಿತು’ ಅಂದುಕೊಳ್ಳುತ್ತದೆ. ಮೆದುಳು ‘ಇನ್ನೂ ರಾತ್ರಿ’ ಅನ್ನುತ್ತದೆ. ಒಂದೇ ಮನೆಯಲ್ಲಿ ಎರಡು ಗಡಿಯಾರ ಎರಡು ಟೈಮ್ ತೋರಿಸಿದ ಹಾಗೆ.

ಹೆಜ್ಜೆ 2: ಕೋಶ ಬೆಳೆಯುವುದಕ್ಕೂ ಗಡಿಯಾರಕ್ಕೂ ಏನು ಸಂಬಂಧ ಅಂತ ನೋಡಿ

ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಲುವೆ ನೀರಿಗೆ ಪಾಳಿ ಇರುತ್ತದೆ. ಇಂಥ ದಿನ ಇವರ ತೂಬು, ಇಂಥ ದಿನ ಅವರದ್ದು. ತೂಬು ತೆಗೆಯುವವನು ಹೊತ್ತಿಗೆ ಸರಿಯಾಗಿ ತೆಗೆದು ಹೊತ್ತಿಗೆ ಸರಿಯಾಗಿ ಮುಚ್ಚಿದರೆ ಎಲ್ಲರಿಗೂ ನೀರು. ಮೇಲಿನವರು ರಾತ್ರೋರಾತ್ರಿ ತೂಬು ಒಡೆದರೆ ಅವರ ಗದ್ದೆ ತುಂಬಿ ಹರಿಯುತ್ತದೆ, ಮಾನ್ವಿ, ಸಿರವಾರ ಕಡೆಯ ಕೊನೆ ಭಾಗ ಒಣಗುತ್ತದೆ.

ಜೀವಕೋಶ ಎರಡಾಗುವುದಕ್ಕೂ ಹೀಗೇ ಪಾಳಿ ಇದೆ. ಎರಡಾಗುವ ಮುಂಚೆ ದಾಟಬೇಕಾದ ಒಂದು ತೂಬು ವೀ-1 ಅನ್ನುವ ಪ್ರೋಟೀನು. ಅದು ಜಾಸ್ತಿ ಇದ್ದಾಗ ಕೋಶ ‘ನಿಲ್ಲು, ಇನ್ನೂ ಹೊತ್ತಾಗಿಲ್ಲ’ ಅಂತ ಕಾಯುತ್ತದೆ. 2003ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಗಳ ಲಿವರಿನ ಒಂದು ಭಾಗ ಕತ್ತರಿಸಿ, ಅದು ಮತ್ತೆ ಬೆಳೆಯುವುದನ್ನು ಗಮನಿಸಿದರು. ಬೇರೆ ಬೇರೆ ಹೊತ್ತಿನಲ್ಲಿ ಕತ್ತರಿಸಿದರೂ ಕೋಶಗಳು ಎರಡಾಗಲು ದಿನದ ಒಂದು ನಿರ್ದಿಷ್ಟ ಹೊತ್ತಿಗೇ ಕಾಯುತ್ತಿದ್ದವು. ವೀ-1ರ ಕೀಲಿ ಗಡಿಯಾರದ ಜೀನ್‌ಗಳ ಕೈಯಲ್ಲಿತ್ತು. ಕ್ರೈ ಜೀನ್ ಇಲ್ಲದ ಇಲಿಗಳಲ್ಲಿ ಲಿವರ್ ಸರಿಯಾಗಿ ಬೆಳೆಯಲಿಲ್ಲ.

ಇದಕ್ಕಿಂತ ಒಂದು ವರ್ಷ ಮೊದಲೇ, 2002ರಲ್ಲಿ, ಪರ್‌ನ ಒಂದು ಬಗೆಯಾದ ಪರ್-2 ಜೀನ್ ಕೆಟ್ಟ ಇಲಿಗಳಿಗೆ ವಿಕಿರಣ ಕೊಟ್ಟಾಗ ಬೇರೆ ಇಲಿಗಳಿಗಿಂತ ಜಾಸ್ತಿ ಗಡ್ಡೆಗಳಾಗಿದ್ದವು. ಕೋಶವನ್ನು ಬೆಳೆ ಬೆಳೆ ಅಂತ ದೂಡುವ ಮಿಕ್ ಅನ್ನುವ ಜೀನ್ ಅವುಗಳಲ್ಲಿ ಹದ ತಪ್ಪಿತ್ತು. ಕೆಟ್ಟ ಕೋಶವನ್ನು ಸಾಯಿಸುವ ಕೆಲಸ ಕುಂಟಿತ್ತು. 2016ರಲ್ಲಿ ಅಮೆರಿಕದ ಇನ್ನೊಂದು ತಂಡ, ಶ್ವಾಸಕೋಶದ ಕ್ಯಾನ್ಸರ್ ಬರುವಂತೆ ಮಾಡಿದ ಇಲಿಗಳಿಗೆ ಹಗಲು ರಾತ್ರಿಯನ್ನು ಪದೇ ಪದೇ ಹಿಂದೆ ಮುಂದೆ ಮಾಡಿತು. ಅಣ್ಣನ ಶಿಫ್ಟಿನ ಹಾಗೇ ಅನ್ನಿ. ಗಡ್ಡೆಗಳು ಜಾಸ್ತಿ ಬೆಳೆದವು.

ಇವೆಲ್ಲ ಇಲಿಗಳ ಮಾತು. ನಾವು ಇಲಿಗಳಲ್ಲ. ಆದರೆ ಈ ಜೀನ್‌ಗಳು ನಮ್ಮಲ್ಲೂ ಇವೆ, ಅದೇ ಹೆಸರಿನಲ್ಲಿ, ಅದೇ ಕೆಲಸದಲ್ಲಿ.

ಹೆಜ್ಜೆ 3: ಕೋಶ ಜಾಗ ಬಿಟ್ಟು ಹೊರಡುವುದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳಬೇಡಿ

ಕೋಶ ನಡೆಯುತ್ತದೆ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಪಕ್ಕದ ಕೋಶಗಳು ತೆವಳಿಕೊಂಡು ಬಂದು ಗಾಯ ತುಂಬುತ್ತವೆ. ತೆವಳಲು ಕೋಶದೊಳಗೆ ಆಕ್ಟಿನ್ ಅನ್ನುವ ಎಳೆಗಳಿವೆ. ಅವನ್ನು ಒಂದು ಕಡೆ ಕಟ್ಟುತ್ತಾ ಇನ್ನೊಂದು ಕಡೆ ಬಿಚ್ಚುತ್ತಾ ಕೋಶ ಮುಂದೆ ಸಾಗುತ್ತದೆ. ಈ ಕಟ್ಟುವ ಬಿಚ್ಚುವ ಕೆಲಸಕ್ಕೂ ಹಗಲು ರಾತ್ರಿಯ ಲಯ ಇದೆ ಅಂತ 2017ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನವರು ತೋರಿಸಿದರು. ಸುಟ್ಟ ಗಾಯದ 118 ಜನರ ಆಸ್ಪತ್ರೆ ದಾಖಲೆ ತೆಗೆದು ನೋಡಿದಾಗ, ರಾತ್ರಿ ಸುಟ್ಟುಕೊಂಡವರ ಗಾಯ ಮಾಯಲು ಹಗಲಲ್ಲಿ ಸುಟ್ಟುಕೊಂಡವರಿಗಿಂತ ಸರಾಸರಿ 11 ದಿನ ಜಾಸ್ತಿ ಹಿಡಿದಿತ್ತು. ಕುಲುಮೆ ಪಕ್ಕ ಕೆಲಸ ಮಾಡುವವರು ಇದನ್ನು ನೆನಪಿಡಿ. ರಾತ್ರಿ ಆದ ಸಣ್ಣ ಸುಟ್ಟ ಗಾಯ ಅಂತ ಸುಮ್ನೆ ಬಿಡಬೇಡಿ.

ಗಡ್ಡೆಯ ಕೋಶ ಇದೇ ತೆವಳುವ ವಿದ್ಯೆಯನ್ನು ತಪ್ಪು ಕೆಲಸಕ್ಕೆ ಬಳಸುತ್ತದೆ. ಅಕ್ಕಪಕ್ಕದ ಕೋಶಗಳ ಕೈ ಬಿಟ್ಟು, ರಕ್ತದೊಳಗೆ ಇಳಿದು, ಎಲುಬಿಗೋ ಲಿವರಿಗೋ ಹೋಗಿ ಬೀಡು ಬಿಡುತ್ತದೆ. ‘ಹರಡಿದೆ’ ಅಂತ ಡಾಕ್ಟರು ಹೇಳುವುದು ಇದನ್ನೇ. ಹೀಗೆ ಕೈ ಬಿಡಿಸುವ ಟ್ವಿಸ್ಟ್, ಸ್ಲಗ್, ಸ್ನೇಲ್ ಅನ್ನುವ ಜೀನ್‌ಗಳಿವೆ. ಎದೆಯ (ಸ್ತನದ) ಕ್ಯಾನ್ಸರ್ ಕೋಶಗಳಲ್ಲಿ ನಮ್ಮ ಗಡಿಯಾರದ ಪರ್-2 ಇವನ್ನು ಅದುಮಿಡುವುದು 2013ರಲ್ಲಿ ಗೊತ್ತಾಯಿತು. ಗಡ್ಡೆ ಬೆಳೆದು ಒಳಗೆ ಆಮ್ಲಜನಕ ಸಾಲದಾದಾಗ ಪರ್-2 ಕರಗಿಹೋಗುತ್ತದೆ. ಅದುಮಿಟ್ಟ ಕೈ ಸಡಿಲವಾಗುತ್ತದೆ, ಕೋಶ ಹೊರಡುತ್ತದೆ.

ಗಡಿಯಾರ ಯಾವಾಗಲೂ ನಮ್ಮ ಪರ ಅಂತಲೂ ಅಲ್ಲ. ಮೆದುಳಿನ ಗ್ಲಿಯೋಬ್ಲಾಸ್ಟೋಮಾ ಅನ್ನುವ ಕ್ಯಾನ್ಸರಿನಲ್ಲಿ ಗಡ್ಡೆಯ ಮೂಲ ಕೋಶಗಳು ಬದುಕಲು ಕ್ಲಾಕ್, ಬಿಮ್ಯಾಲ್-1ನ್ನೇ ನೆಚ್ಚಿಕೊಂಡಿರುತ್ತವೆ. ಅದಕ್ಕೇ ‘ಗಡಿಯಾರದ ಜೀನ್ ಚುರುಕು ಮಾಡುವ ಗುಳಿಗೆ’ ಅಂತ ಯಾರಾದರೂ ಮಾರಲು ಬಂದರೆ ಬಾಗಿಲಿನಿಂದಲೇ ಕಳಿಸಿ.

ಈಗ ನಮ್ಮ ಮನೆಯ ಮಾತು. ನಮ್ಮ ಚಿಗವ್ವ ರಾಯಚೂರಿನಲ್ಲಿ ನರ್ಸ್ ಆಗಿದ್ದಳು. ಇಪ್ಪತ್ತಾರು ವರ್ಷ ಪಾಳಿ ಮಾಡಿದವಳು. ಅವಳಿಗೆ ಎದೆಯಲ್ಲಿ ಗಡ್ಡೆ ಬಂದು ಚಿಕಿತ್ಸೆ ನಡೆಯುತ್ತಿದ್ದಾಗ, 2022ರಲ್ಲಿ, ಒಂದು ಸುದ್ದಿ ಓಡಾಡಿತು: ‘ನಿದ್ದೆಯಲ್ಲೇ ಕ್ಯಾನ್ಸರ್ ಹರಡುತ್ತದೆ.’ ಸಂಬಂಧಿಕರೊಬ್ಬರು ಅದನ್ನು ಅವಳಿಗೆ ಓದಿ ಹೇಳಿಬಿಟ್ಟರು. ನಾಲ್ಕು ರಾತ್ರಿ ಅವಳು ಗೋಡೆಗೆ ಒರಗಿ ಎಚ್ಚರವಾಗೇ ಕೂತಿದ್ದಳು. ಕೀಮೋ ಆದ ಮೈ. ನಾನು ಹೋಗಿ ನೋಡಿದಾಗ ಕಣ್ಣು ಕೆಂಡದಂತಿದ್ದವು. ‘ಮಲಗಿದ್ರ ಅವು ಹೊರಗ ಬರ್ತಾವಂತವ್ವಾ’ ಅಂದಳು. ಆ ಮಾತು ಕೇಳಿ ನನಗೆ ಆದ ಸಂಕಟ ಇವತ್ತಿಗೂ ಹೋಗಿಲ್ಲ.

ಆ ಸಂಶೋಧನೆ ನಿಜ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ತಂಡದ್ದು. ಎದೆಯ ಕ್ಯಾನ್ಸರ್ ಇರುವ 30 ಮಹಿಳೆಯರ ರಕ್ತವನ್ನು ಬೆಳಗಿನ ಜಾವ 4ಕ್ಕೆ ಒಮ್ಮೆ, ಬೆಳಿಗ್ಗೆ 10ಕ್ಕೆ ಒಮ್ಮೆ ತೆಗೆದರು. ಸಿಕ್ಕ ಗಡ್ಡೆ ಕೋಶಗಳಲ್ಲಿ ನೂರಕ್ಕೆ ಸುಮಾರು 78 ಪಾಲು 4 ಗಂಟೆಯ ರಕ್ತದಲ್ಲಿದ್ದವು. ಹಗಲಲ್ಲಿ ಮಲಗುವ ಇಲಿಗಳಲ್ಲಿ ಇದು ತಿರುಗುಮುರುಗು, ಹಗಲಲ್ಲೇ ಜಾಸ್ತಿ. ಇದರಿಂದ ಗೊತ್ತಾಗುವುದು ಇಷ್ಟು: ಮೈಯ ಹಾರ್ಮೋನುಗಳ ಲಯದ ಜೊತೆ ಗಡ್ಡೆಯೂ ಏರಿಳಿಯುತ್ತದೆ. ರಕ್ತಪರೀಕ್ಷೆ ಯಾವ ಹೊತ್ತಿಗೆ ಮಾಡಬೇಕು, ಔಷಧಿ ಯಾವ ಹೊತ್ತಿಗೆ ಕೊಡಬೇಕು ಅಂತ ಡಾಕ್ಟರುಗಳು ಯೋಚಿಸಬೇಕಾದ ವಿಷಯ ಅದು. ನಿದ್ದೆಗೆಡಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಚಿಕಿತ್ಸೆಯಲ್ಲಿದ್ದರೆ ದಯವಿಟ್ಟು ಇಂಥ ಸುದ್ದಿಯನ್ನು ಅರ್ಧ ಓದಿ ಹೇಳಬೇಡಿ.

ಹೆಜ್ಜೆ 4: ಹೆದರಿಕೆಗೆ ಒಂದು ಅಳತೆ ಇಟ್ಟುಕೊಳ್ಳಿ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ರಾತ್ರಿ ಪಾಳಿಯನ್ನು ‘2ಎ’ ಗುಂಪಿಗೆ ಸೇರಿಸಿತು. 2019ರಲ್ಲಿ ಮತ್ತೆ ನೋಡಿ ಅಲ್ಲೇ ಉಳಿಸಿತು. ‘ಬಹುಶಃ ಕ್ಯಾನ್ಸರ್ ತರಬಹುದು’ ಅಂತ ಅದರ ಅರ್ಥ. ಆಡು, ಕುರಿ, ದನದ ಮಾಂಸವೂ ಅದೇ ಗುಂಪಿನಲ್ಲಿದೆ. ತಂಬಾಕು, ಅಡಿಕೆ, ಮದ್ಯ ಇರುವುದು ಮೊದಲ ಗುಂಪಿನಲ್ಲಿ. ಅಲ್ಲಿ ‘ಬಹುಶಃ’ ಇಲ್ಲ. ಗುಂಪು ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ಪಟ್ಟು ಅಂತಲ್ಲ. ಆದರೂ ನಿದ್ದೆ ತಡೆಯಲು ಗುಟ್ಕಾ ಹಾಕಿಕೊಳ್ಳುವವರಿಗೆ ಇದರಿಂದ ಒಂದು ಮಾತು ಸ್ಪಷ್ಟವಾಗಬೇಕು ಅಲ್ವಾ? ಅದಕ್ಕೆ ಮುಂದೆ ಬರುತ್ತೇನೆ.

ಹೆಜ್ಜೆ 5: ಒಂದು ವಾರ ಸುಮ್ನೆ ಬರೆದಿಡಿ

ಏನೂ ಬದಲಿಸಬೇಡಿ. ಹಳೇ ನೋಟ್‌ಬುಕ್ಕಿನಲ್ಲಿ ನಾಲ್ಕು ಸಂಗತಿ ಬರೆಯಿರಿ: ಮಲಗಿದ್ದು, ಎದ್ದಿದ್ದು, ಉಂಡಿದ್ದು, ಕೊನೆಯ ಚಹಾ ಕುಡಿದಿದ್ದು. ಅಣ್ಣನ ಪುಟ ನೋಡಿದಾಗ ಅವನಿಗೇ ಗಾಬರಿ. ರಾತ್ರಿ ಪಾಳಿಯ ದಿನಗಳಲ್ಲಿ ನಿದ್ದೆ ನಾಲ್ಕು ಗಂಟೆ ದಾಟಿರಲಿಲ್ಲ. ಊಟ ಐದು ಸಲ, ಅದರಲ್ಲಿ ಎರಡು ನಡುರಾತ್ರಿ ದಾಟಿದ ಮೇಲೆ.

ಹೆಜ್ಜೆ 6: ಬೆಳಕನ್ನು ಹೊತ್ತು ನೋಡಿ ಬಳಸಿ

ಕಣ್ಣಿನ ಒಳಪರದೆಯಲ್ಲಿ ನೋಡುವುದಕ್ಕಲ್ಲದೆ ಗಡಿಯಾರಕ್ಕೆ ಹೊತ್ತು ತಿಳಿಸುವುದಕ್ಕೇ ಅಂತ ಕೆಲವು ಕೋಶಗಳಿವೆ. ನೀಲಿ ಬೆಳಕಿಗೆ ಅವು ಬೇಗ ಎಚ್ಚರವಾಗುತ್ತವೆ. ಬೆಳಗಿನ ಆಕಾಶ, ಬಿಳಿ ಎಲ್‌ಇಡಿ, ಫೋನ್ ಪರದೆ ಎಲ್ಲದರಲ್ಲೂ ನೀಲಿ ಇದೆ.

ಪಾಳಿಯ ಮೊದಲ ಅರ್ಧದಲ್ಲಿ, ರಾತ್ರಿ ಹತ್ತರಿಂದ ಎರಡರವರೆಗೆ, ಚೆನ್ನಾಗಿ ಬೆಳಕಿರುವ ಕಡೆ ಕೆಲಸ ಮಾಡಿ. ಆಮೇಲೆ ಕೆಲಸಕ್ಕೆ, ಸುರಕ್ಷತೆಗೆ ಬೇಕಾದಷ್ಟು ಬೆಳಕು ಇರಲೇಬೇಕು, ಅದರಲ್ಲಿ ರಾಜಿ ಬೇಡ. ಆದರೆ ಬಿಡುವಿನಲ್ಲಿ ಫೋನ್ ತೆಗೆಯಬೇಡಿ. ಬೆಳಿಗ್ಗೆ ಬಸ್ಸಿನಲ್ಲಿ ಕೂತೊಡನೆ ಕಪ್ಪು ಕನ್ನಡಕ ಹಾಕಿಕೊಳ್ಳಿ, ಟವೆಲ್ಲಿನಿಂದ ಹಣೆ ಮುಚ್ಚಿಕೊಳ್ಳಿ. ಬೈಕ್ ಓಡಿಸುವವರು ಮಾತ್ರ ಕಪ್ಪು ಕನ್ನಡಕ ಹಾಕಬೇಡಿ. ತೂಕಡಿಕೆ ಜಾಸ್ತಿಯಾಗುತ್ತದೆ, ಎದುರಿಗೆ ಅದಿರಿನ ಲಾರಿಗಳು ಬರುತ್ತಿರುತ್ತವೆ. ಕಣ್ಣು ಎಳೆಯುತ್ತಿದ್ದರೆ ಗೇಟಿನ ಹತ್ತಿರವೇ ಇಪ್ಪತ್ತು ನಿಮಿಷ ಮಲಗಿ, ಮುಖ ತೊಳೆದು ಆಮೇಲೆ ಹೊರಡಿ.

ಹೆಜ್ಜೆ 7: ಹಗಲಲ್ಲಿ ಕತ್ತಲೆ ಕೋಣೆ ಮಾಡಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ.

ದೊಡ್ಡ ಊರಿನವರು ದಪ್ಪ ಪರದೆ ಕೊಳ್ಳಿ ಅನ್ನುತ್ತಾರೆ. ನಮ್ಮ ಅವ್ವ ಹಳೇ ಕೌದಿ ತೆಗೆದಳು. ಏಳು ಪದರದ್ದು, ಅಜ್ಜಿಯ ಇಳಕಲ್ ಸೀರೆಯ ತುಂಡುಗಳಿಂದ ಹೊಲಿದಿದ್ದು. ಕಿಟಕಿಯ ಚೌಕಟ್ಟಿಗೆ ಮೇಲೆ ಮೂರು ಮೊಳೆ, ಪಕ್ಕಕ್ಕೆ ಎರಡೆರಡು. ಬಾಗಿಲ ಕೆಳಗಿನ ಸಂದಿಗೆ ಸುತ್ತಿದ ಟವೆಲ್. ರೋಶನ್‌ದಾನಿಗೆ ಕಪ್ಪು ರಟ್ಟು, ಆದರೆ ಗಾಳಿ ಆಡಲು ಒಂದು ಬದಿ ಬಿಟ್ಟಿದ್ದು. ಆಮೇಲೆ ಒಳಗೆ ನಿಂತು ಕೈ ಚಾಚಿ ನೋಡಿ. ನಿಮ್ಮ ಬೆರಳು ನೀವೇ ಎಣಿಸಲು ಆಗದಿದ್ದರೆ ಕತ್ತಲೆ ಸಾಕು. ಕೂಲರಿನ ಕೆಂಪು ದೀಪ ಇರಲಿ, ಅದು ತೊಂದರೆಯಿಲ್ಲ. ಟಿವಿಯ ನೀಲಿ ದೀಪಕ್ಕೆ ಮಾತ್ರ ಒಂದು ಚೂರು ಕಪ್ಪು ಟೇಪ್ ಅಂಟಿಸಿ.

ಸೆಕೆಯದ್ದು ಬೇರೆ ಕಥೆ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಮನೆಯ ಮೇಲಿನ ಮಹಡಿ ಮಧ್ಯಾಹ್ನಕ್ಕೆ ಹಂಚಿನ ಹಾಗೆ ಕಾಯುತ್ತದೆ. ಕೆಳಗಿನ ಕೋಣೆಗೇ ಹಾಸಿಗೆ ತನ್ನಿ. ಮಣ್ಣಿನ ಮಾಳಿಗೆಯ ಹಳೇ ಮನೆ ಇದ್ದರೆ ಅದರಷ್ಟು ಒಳ್ಳೆಯದು ಇಲ್ಲ. ಮೇಲ್ಛಾವಣಿಗೆ ಬಿಳಿ ಸುಣ್ಣ ಹೊಡೆಸಿದರೆ ಒಳಗೆ ವ್ಯತ್ಯಾಸ ಗೊತ್ತಾಗುತ್ತದೆ. ಬಂದೊಡನೆ ಸ್ನಾನ, ನೆಲದ ಮೇಲೆ ಚಾಪೆ, ಕಾಲಿಗೆ ಒದ್ದೆ ಬಟ್ಟೆ. ಕೂಲರ್ ಹಾಕಿದರೆ ಒಂದು ಕಡೆ ಗಾಳಿ ಹೊರಗೆ ಹೋಗಲು ದಾರಿ ಇರಲಿ.

ಎಂಟಕ್ಕೆ ಮಲಗಿ ಒಂದರ ತನಕ ಒಂದು ದೊಡ್ಡ ನಿದ್ದೆ. ಸಂಜೆ ಆರೂವರೆಯಿಂದ ಎಂಟರ ತನಕ ಇನ್ನೊಂದು. ಅಣ್ಣನಿಗೆ ಈ ಹಂಚಿಕೆ ಹಿಡಿಸಿತು. ಪಾಳಿಗೆ ಹೋಗುವ ಮುಂಚಿನ ಸಂಜೆ ನಿದ್ದೆ ಬೆಳಗಿನ ಜಾವದ ತೂಕಡಿಕೆಯನ್ನು ಬಹಳ ತಗ್ಗಿಸುತ್ತದೆ.

ಹೆಣ್ಣುಮಕ್ಕಳ ಮಾತು ಇಲ್ಲಿ ಹೇಳಲೇಬೇಕು. ಗಂಡಸು ರಾತ್ರಿ ಪಾಳಿ ಮುಗಿಸಿ ಬಂದರೆ ಮನೆ ಮಂದಿ ಮೆಲ್ಲಗೆ ಮಾತಾಡುತ್ತಾರೆ. ನರ್ಸ್ ಸೊಸೆ ಬಂದರೆ ರೊಟ್ಟಿ ಬಡಿಯಲು ಕೂರುತ್ತಾಳೆ, ಮಕ್ಕಳ ಟಿಫಿನ್ ಕಟ್ಟುತ್ತಾಳೆ, ಬಟ್ಟೆ ನೆನೆಸುತ್ತಾಳೆ. ಮಲಗುವಾಗ ಹನ್ನೊಂದು. ಅತ್ತೆಯವರೇ, ಅವಳ ಮೈಯೊಳಗೂ ಅದೇ ಗಡಿಯಾರ ಇದೆ. ರಾತ್ರಿ ಪಾಳಿಯ ದಿನಗಳಲ್ಲಿ ಬೆಳಗಿನ ರೊಟ್ಟಿ ಬೇರೆಯವರು ಮಾಡಲಿ. ಖಡಕ್ ರೊಟ್ಟಿ ಮೊದಲೇ ಮಾಡಿಟ್ಟುಕೊಳ್ಳಬಹುದಲ್ಲ. ಅಂಗಳದ ಬಾಗಿಲಿಗೆ ‘ರಾತ್ರಿ ಡ್ಯೂಟಿ ಮಾಡಿ ಮಲಗಿದ್ದಾರೆ, ಮಧ್ಯಾಹ್ನ ಒಂದು ಗಂಟೆ ಮೇಲೆ ಬನ್ನಿ’ ಅಂತ ಚೀಟಿ ಅಂಟಿಸಿ. ಚೀಟಿ ನೋಡಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೆಜ್ಜೆ 8: ಊಟವನ್ನು ಹಗಲಿಗೆ ಎಳೆಯಿರಿ

2021ರಲ್ಲಿ ಅಮೆರಿಕದಲ್ಲಿ 19 ಆರೋಗ್ಯವಂತ ಯುವಕ ಯುವತಿಯರನ್ನು ಪ್ರಯೋಗಶಾಲೆಯಲ್ಲಿ ಇಟ್ಟು, ರಾತ್ರಿ ಪಾಳಿಯ ಹಾಗೇ ಎಚ್ಚರವಾಗಿರಿಸಿದರು. ಅರ್ಧದಷ್ಟು ಜನ ರಾತ್ರಿಯೂ ಉಂಡರು, ಉಳಿದವರು ಹಗಲಲ್ಲಿ ಮಾತ್ರ. ರಾತ್ರಿ ಉಂಡವರ ರಕ್ತದ ಸಕ್ಕರೆ ಏರಿತು. ಹಗಲಲ್ಲಿ ಮಾತ್ರ ಉಂಡವರದ್ದು ಏರಲಿಲ್ಲ. ಎಲ್ಲರೂ ನಿದ್ದೆಗೆಟ್ಟಿದ್ದರು, ಬದಲಾಗಿದ್ದು ಊಟದ ಹೊತ್ತು ಮಾತ್ರ.

ಅದಕ್ಕೇ ಹೀಗೆ ಮಾಡಿ. ರಾತ್ರಿ ಎಂಟು, ಎಂಟೂವರೆಗೆ ಮನೆಯಲ್ಲೇ ಹೊಟ್ಟೆ ತುಂಬಾ ಊಟ: ಜೋಳದ ರೊಟ್ಟಿ, ಪುಂಡಿ ಪಲ್ಯ, ಕಾಳು, ಶೇಂಗಾ ಚಟ್ನಿ, ಮೊಸರು. ಜೋಳದ ರೊಟ್ಟಿ ಉಂಡರೆ ಹಸಿವು ಬೇಗ ಬರುವುದಿಲ್ಲ. ನಡುರಾತ್ರಿಯಿಂದ ಐದರ ತನಕ ನೀರು, ಮಜ್ಜಿಗೆ. ತೀರಾ ಹಸಿವಾದರೆ ಒಂದು ಹಿಡಿ ಹುರಿದ ಶೇಂಗಾ ಅಥವಾ ಒಂದು ಬಾಳೆಹಣ್ಣು. ಕ್ಯಾಂಟೀನಿನ ಎರಡು ಗಂಟೆಯ ಅನ್ನ ಸಾಂಬಾರು ಬೇಡ. ಬೆಳಿಗ್ಗೆ ಮಲಗುವ ಮುಂಚೆ ಎರಡು ಇಡ್ಲಿ ಅಥವಾ ಒಂದು ಲೋಟ ಅಂಬಲಿ, ಅಷ್ಟೇ. ಮಿರ್ಚಿ ಬಿಡಿ ಅಂತ ನಾನು ಹೇಳುವುದಿಲ್ಲ, ಬಳ್ಳಾರಿಯಲ್ಲಿ ಇದ್ದುಕೊಂಡು ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಸಂಜೆ ಐದಕ್ಕೆ ತಿನ್ನಿ. ಎಣ್ಣೆ ಖಾರ ತಿಂದು ಮಲಗಿದರೆ ಎದೆಯುರಿಗೇ ನಿದ್ದೆ ಹಾರುತ್ತದೆ.

ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ರಾತ್ರಿಯ ತಿಂಡಿ ಬಿಡಬೇಡಿ. ಸಕ್ಕರೆ ತೀರಾ ಕೆಳಗಿಳಿದರೆ ಯಂತ್ರದ ಪಕ್ಕ ಅಪಾಯ.

ಹೆಜ್ಜೆ 9: ಚಹಾಕ್ಕೆ ಗಡಿ, ಗುಟ್ಕಾಕ್ಕೆ ಪೂರ್ಣವಿರಾಮ

ಕುಡಿದ ಚಹಾದ ಕೆಫೀನು ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಎಂಟಕ್ಕೆ ಮಲಗಬೇಕು ಅಂದರೆ ಕೊನೆಯ ಚಹಾ ರಾತ್ರಿ ಎರಡರ ಒಳಗೆ. ಬಸ್ಸಿಳಿದು ಕುಡಿಯುವ ಚಹಾ ನಿದ್ದೆಯ ಮೊದಲ ಶತ್ರು.

ಗುಟ್ಕಾ ವಿಷಯ. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧ. ಆದರೆ ಪಾನ್ ಮಸಾಲಾದ ಚೀಟು ಒಂದು, ತಂಬಾಕಿನ ಚೀಟು ಇನ್ನೊಂದು, ಕೈಯಲ್ಲಿ ಬೆರೆಸಿಕೊಂಡರೆ ಮುಗಿಯಿತು. ರಾತ್ರಿ ಪಾಳಿಯ ಎಷ್ಟೋ ಹುಡುಗರು ಶುರು ಮಾಡುವುದೇ ನಿದ್ದೆ ಬಾರದಿರಲಿ ಅಂತ. ಗಡಿಯಾರ ಕೆಟ್ಟರೆ ಬರಬಹುದಾದ ಅಪಾಯಕ್ಕೆ ಹೆದರಿ, ಬಾಯಿ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾಗಿ ಗೊತ್ತಿರುವುದನ್ನು ದವಡೆಯಲ್ಲಿ ಇಟ್ಟುಕೊಳ್ಳುವುದು ಬೇಡ. ಬಿಡಲು ಕಷ್ಟ, ನನಗೆ ಗೊತ್ತು. ಅಣ್ಣ ಮೂರು ಸಲ ಬಿಟ್ಟು ಹಿಡಿದ. ಜೇಬಿನಲ್ಲಿ ಹುರಿದ ಸೋಂಪು, ಲವಂಗ ಇಟ್ಟುಕೊಂಡು, ಎರಡು ಗಂಟೆಗೆ ಎದ್ದು ಹತ್ತು ನಿಮಿಷ ಓಡಾಡಿ, ನಾಲ್ಕನೇ ಸಲಕ್ಕೆ ಬಿಟ್ಟ. ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಸಲಹೆ ಸಿಗುತ್ತದೆ, ಕೇಳಿ.

ನಿದ್ದೆ ಗುಳಿಗೆ, ಮೆಲಟೋನಿನ್ (ಮೈಗೆ ರಾತ್ರಿಯಾಯಿತು ಅಂತ ತಿಳಿಸುವ ಹಾರ್ಮೋನು) ಗುಳಿಗೆಗಳನ್ನು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತೆಗೆದುಕೊಳ್ಳಬೇಡಿ.

ಹೆಜ್ಜೆ 10: ಪಾಳಿ ಹಚ್ಚುವವರ ಜೊತೆ ಮಾತಾಡಿ

ಪಾಳಿ ಬದಲಾಗುವ ದಿಕ್ಕು ಮುಖ್ಯ. ಬೆಳಿಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ರಾತ್ರಿ: ಹೀಗೆ ಮುಂದಕ್ಕೆ ಹೋದರೆ ಮೈಗೆ ಸುಲಭ. ಮಲಗುವುದನ್ನು ತಡ ಮಾಡುವುದು ಮೈಗೆ ಒಗ್ಗುತ್ತದೆ, ಬೇಗ ಮಾಡುವುದು ಒಗ್ಗುವುದಿಲ್ಲ. ಎರಡು ಪಾಳಿಯ ನಡುವೆ ಕನಿಷ್ಠ 11 ಗಂಟೆ ಬಿಡುವು ಇರಲಿ. ಒಬ್ಬರೇ ಕೇಳಿದರೆ ಕೆಲಸ ಆಗುವುದಿಲ್ಲ. ಇಡೀ ಶಿಫ್ಟಿನವರು ಒಂದು ಕಾಗದ ಬರೆದು ಕೊಡಿ. ಇದರಿಂದ ಕಾರ್ಖಾನೆಗೂ ಅಪಘಾತ ಕಡಿಮೆ, ಅದನ್ನೂ ಕಾಗದದಲ್ಲಿ ಬರೆಯಿರಿ.

ಹೆಜ್ಜೆ 11: ತಪಾಸಣೆಗೆ ಹೊತ್ತು ಮಾಡಿಕೊಳ್ಳಿ

ಚಿಗವ್ವ ಕೆಲಸ ಮಾಡುತ್ತಿದ್ದ ಕಡೆಯೇ ಎರಡು ಸಲ ತಪಾಸಣೆ ಶಿಬಿರ ಆಗಿತ್ತು. ಎರಡೂ ಸಲ ಬೆಳಿಗ್ಗೆ ಹತ್ತಕ್ಕೆ, ಅವಳು ರಾತ್ರಿ ಪಾಳಿ ಮುಗಿಸಿ ಮನೆಯಲ್ಲಿ ಮಲಗಿದ್ದ ಹೊತ್ತಿಗೆ. ರಾತ್ರಿ ದುಡಿಯುವವರು ಹೀಗೇ ಎಲ್ಲದರಿಂದ ತಪ್ಪಿಹೋಗುತ್ತಾರೆ. ಗಡ್ಡೆ ಅವಳಿಗೆ ಸಿಕ್ಕಿದ್ದು ಸ್ನಾನ ಮಾಡುವಾಗ, ಅವಳ ಕೈಗೇ.

30 ವರ್ಷ ದಾಟಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಾಯಿಯ ತಪಾಸಣೆ, ಹೆಣ್ಣುಮಕ್ಕಳಿಗೆ ಎದೆ ಮತ್ತು ಗರ್ಭಕೋಶದ ಬಾಯಿಯ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ರಜೆಯ ದಿನ ಹೋಗಿ. ಮನೆಯಲ್ಲಿ ಒಂದು ಪರೀಕ್ಷೆ: ಬಾಯಿ ತೆರೆದು ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ನೋಡಿ. ಒಳಗೆ ಹೋಗದಿದ್ದರೆ, ಅಥವಾ ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ತಡ ಮಾಡಬೇಡಿ. ಎದೆಯಲ್ಲಿ ಗಂಟು, ತೊಟ್ಟಿನಿಂದ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೂ ಅಷ್ಟೇ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ನೋವಿಲ್ಲದ ಗಂಟು ಅಂತ ಬಿಡಬೇಡಿ, ಚಿಗವ್ವನದ್ದೂ ನೋಯುತ್ತಿರಲಿಲ್ಲ.

ಹೆಜ್ಜೆ 12: ಈಗಾಗಲೇ ಚಿಕಿತ್ಸೆಯಲ್ಲಿರುವವರಿಗೆ

ಕೀಮೋವನ್ನು ಹೊತ್ತು ನೋಡಿ ಕೊಡುವ ಪ್ರಯತ್ನ ಹೊಸದಲ್ಲ. 1985ರಲ್ಲೇ ವಿಲಿಯಂ ಹ್ರುಶೆಸ್ಕಿ ಅನ್ನುವ ಡಾಕ್ಟರು ಅಂಡಾಶಯದ ಕ್ಯಾನ್ಸರಿಗೆ ಕೊಡುವ ಎರಡು ಔಷಧಿಗಳ ಹೊತ್ತು ಬದಲಿಸಿದರೆ ಅಡ್ಡ ಪರಿಣಾಮ ಬದಲಾಗುತ್ತದೆ ಅಂತ ತೋರಿಸಿದ್ದರು. ಆದರೆ ಇದು ಎಲ್ಲ ಆಸ್ಪತ್ರೆಗಳ ವಾಡಿಕೆಯಾಗಿಲ್ಲ, ಔಷಧಿ ಔಷಧಿಗೂ ಬೇರೆ. ನಿಮ್ಮಷ್ಟಕ್ಕೆ ನೀವೇ ಗುಳಿಗೆಯ ಹೊತ್ತು ಬದಲಿಸಬೇಡಿ. ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ: ಈ ಗುಳಿಗೆ ಯಾವ ಹೊತ್ತಿಗೆ? ಇದರಿಂದ ನಿದ್ದೆ ಕೆಡುತ್ತದೆಯೇ, ಕೆಟ್ಟರೆ ಬೆಳಿಗ್ಗೆ ತೆಗೆದುಕೊಳ್ಳಬಹುದೇ? ಚಿಕಿತ್ಸೆ ಮುಗಿಯುವ ತನಕ ರಾತ್ರಿ ಪಾಳಿಯಿಂದ ಬಿಡುವಿಗೆ ಚೀಟಿ ಬರೆದುಕೊಡುತ್ತೀರಾ?

ನಮ್ಮ ಕಡೆಯವರು ಚಿಕಿತ್ಸೆಗೆ ಬೆಂಗಳೂರಿಗೋ ಹುಬ್ಬಳ್ಳಿಗೋ ರಾತ್ರಿ ಪ್ರಯಾಣ ಮಾಡಿಯೇ ಹೋಗುತ್ತಾರೆ. ಆಗುವುದಾದರೆ ಒಂದು ದಿನ ಮುಂಚೆ ಹೊರಟು, ಅಲ್ಲಿ ಮಲಗಿ ಎದ್ದು ಆಸ್ಪತ್ರೆಗೆ ಹೋಗಿ. ಆಗದಿದ್ದರೆ ರೈಲಿನಲ್ಲಿ ಮೇಲಿನ ಬರ್ತ್ ಬೇಡ, ಅಲ್ಲಿ ದೀಪ ಮುಖದ ಮೇಲೇ ಬೀಳುತ್ತದೆ. ಕೆಳಗಿನದು ಕೇಳಿ. ಚಿಗವ್ವ ಈಗ ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತಾಳೆ. ಅವಳ ಚೀಲದಲ್ಲಿ ರಿಪೋರ್ಟಿನ ಫೈಲು, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಹಳೇ ಕಪ್ಪು ಕುಪ್ಪಸದ ಬಟ್ಟೆಯಲ್ಲಿ ತಾನೇ ಎರಡು ಮಡಿಕೆ ಹೊಲಿದ ಕಣ್ಣುಪಟ್ಟಿ. ರೈಲು ಹೊರಟ ಮೇಲೆ ಅದನ್ನು ಕಟ್ಟಿಕೊಂಡು, ಸೆರಗು ಹೊದ್ದು, ಬೆಳಗಿನ ತನಕ ಮಲಗುತ್ತಾಳೆ.